ಲಗ್ನಪತ್ರಿಕೆಗೆ ಕೈಬರಹದ ಫಾಂಟ್: ನವಿಲು, ಅಕಾಯ ಕನಡಕ, ಗ್ರೇಟ್ ವೈಬ್ಸ್

ದಾವಣಗೆರೆ ಕಡೆ ಲಗ್ನಪತ್ರಿಕೆ ಮಾಡಿಸುವವರು ಈಗ ವಧೂವರರ ಹೆಸರು ಕೈಯಲ್ಲಿ ಬರೆದ ಹಾಗೆ, ನಾಜೂಕಾಗಿ ಬರಲಿ ಅಂತ ಕೇಳುತ್ತಾರೆ. ಕನ್ನಡಕ್ಕೆ ನವಿಲು ಮತ್ತು ಅಕಾಯ ಕನಡಕ, ಇಂಗ್ಲಿಷಿಗೆ ಗ್ರೇಟ್ ವೈಬ್ಸ್ ತೆಗೆದುಕೊಂಡು ಆಫ್‌ಸೆಟ್‌ನಲ್ಲೂ ಚಿನ್ನದ ಬಣ್ಣದ ಸ್ಕ್ರೀನ್ ಪ್ರಿಂಟಿನಲ್ಲೂ ಹೋಲಿಸಿ ನೋಡಿದ್ದೇವೆ.

ನವಿಲು ಪೆನ್ನಿನ ಬರಹದಂತಿದೆ. ಗೆರೆ ಹೆಚ್ಚುಕಮ್ಮಿ ಒಂದೇ ದಪ್ಪ, ಹಾಗಾಗಿ ಸಣ್ಣ ಅಳತೆಯಲ್ಲೂ ಕಡಿಯುವುದಿಲ್ಲ. ತೊಂದರೆ ಬರುವುದು ಸಾಲಿನ ಅಂತರದಲ್ಲಿ. ‘ಕೊಟ್ಟೂರೇಶ್ವರ’ ಎಂದು ಹಾಕಿ ನೋಡಿ: ಟ ಒತ್ತು, ವ ಒತ್ತು ಎರಡೂ ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. 18 ಪಾಯಿಂಟಿನ ಅಕ್ಷರಕ್ಕೆ 27 ಪಾಯಿಂಟಾದರೂ ಅಂತರ ಕೊಡಿ. ಹೆಸರಿಗಷ್ಟೇ ಅಲ್ಲ, ಎರಡು ಸಾಲಿನ ಆಹ್ವಾನಕ್ಕೂ ಇದು ಒಗ್ಗುತ್ತದೆ.

ಅಕಾಯ ಬೇರೆಯೇ ಜಾತಿ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ಇದರಲ್ಲಿ ಗೆರೆಗೆ ಮೈಕಟ್ಟು ಇದೆ, ತಿರುವುಗಳಲ್ಲಿ ಲವಲವಿಕೆ ಇದೆ. ತಲೆಬರಹಕ್ಕೆ, ಮನೆಯ ಹೆಸರಿನ ಫಲಕಕ್ಕೆ ಚೆಂದ. ಮುಹೂರ್ತ, ಸ್ಥಳದ ವಿವರಕ್ಕೆ ಬೇಡ, ಓದುವವರ ಕಣ್ಣಿಗೆ ಆಯಾಸ. ಇದಕ್ಕಿರುವುದು ಒಂದೇ ತೂಕ, ಬೋಲ್ಡ್ ರೂಪ ಬೇರೆ ಇಲ್ಲ. ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ಸುಮ್ಮನೆ ಗೆರೆ ಉಬ್ಬಿಸುತ್ತದೆ, ‘ಕ್ಷ’, ‘ಷ್ಠ’ಗಳ ಒಳಗಿನ ಜಾಗ ಮುಚ್ಚಿಹೋಗುತ್ತದೆ.

ಮೂರರಲ್ಲಿ ನಿಜಕ್ಕೂ ನಾಜೂಕು ಎಂದರೆ ಗ್ರೇಟ್ ವೈಬ್ಸ್. ಓರೆಯಾದ ಅಕ್ಷರ, ಬಳ್ಳಿಯಂತೆ ಚಾಚುವ ಕ್ಯಾಪಿಟಲ್. ಎಲ್ಲವನ್ನೂ ಕ್ಯಾಪಿಟಲ್‌ನಲ್ಲಿ ಹಾಕಿದರೆ ಹೆಸರೇ ಓದಲಾಗದು. ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲೇ ಇರಲಿ, ಸ್ವಲ್ಪ ಹಿಗ್ಗಿಸಿದರೂ ಅಕ್ಷರ ಜೋಡಿಸುವ ಕೊಂಡಿ ಬಿಟ್ಟುಕೊಳ್ಳುತ್ತದೆ. ಆಫ್‌ಸೆಟ್‌ನಲ್ಲಿ ಒಂದೇ ಬಣ್ಣಕ್ಕೆ 24 ಪಾಯಿಂಟ್ ಸಾಕು. ನಾಲ್ಕು ಬಣ್ಣ ಬೆರೆಸಿದ ಕಂದು, ಮರೂನ್ ಹಾಕಬೇಡಿ, ರಿಜಿಸ್ಟ್ರೇಷನ್ (ಬಣ್ಣಗಳು ಒಂದರ ಮೇಲೊಂದು ಕೂರುವ ಹೊಂದಿಕೆ) ಕೂದಲೆಳೆ ಸರಿದರೂ ತೆಳುಗೆರೆ ಮಸುಕಾಗುತ್ತದೆ. ಉಬ್ಬುತಗ್ಗಿನ ಕಾರ್ಡಿನ ಮೇಲೆ ಚಿನ್ನದ ಸ್ಕ್ರೀನ್ ಪ್ರಿಂಟ್ ಆದರೆ 36ಕ್ಕಿಂತ ಇಳಿಯಬೇಡಿ, ಇಂಕು ಸ್ಕ್ರೀನಿನ ಬಲೆಯಲ್ಲಿ (ಮೆಶ್) ಒಣಗಿ ಕೊಂಡಿಗಳು ಮೊದಲು ಕಡಿಯುತ್ತವೆ. ಅನಿವಾರ್ಯವಾದರೆ ಅದೇ ಬಣ್ಣದ 0.2 ಪಾಯಿಂಟ್ ಔಟ್‌ಲೈನ್ ಕೊಡಿ.

ಗ್ರೇಟ್ ವೈಬ್ಸ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕನ್ನಡ ಟೈಪ್ ಮಾಡಿದರೆ ಸಿಸ್ಟಮ್ಮಿನ ಇನ್ಯಾವುದೋ ಫಾಂಟ್ ಬಂದು ಕೂರುತ್ತದೆ. ಎರಡೂ ಭಾಷೆಯ ಕಾರ್ಡಿಗೆ ನಮ್ಮ ಆಯ್ಕೆ ಕನ್ನಡಕ್ಕೆ ನವಿಲು, ಇಂಗ್ಲಿಷಿಗೆ ಗ್ರೇಟ್ ವೈಬ್ಸ್. ಅಕಾಯದ ಮೈಕಟ್ಟಿನ ಪಕ್ಕ ಗ್ರೇಟ್ ವೈಬ್ಸ್ ಬಡವಾಗಿ ಕಾಣುತ್ತದೆ.

ನವಿಲು, ಅಕಾಯ ಎರಡೂ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತದ ಫಾಂಟ್. ನುಡಿ ತಂತ್ರಾಂಶದ ಹಳೇ ಸಂಕೇತದ (ಆಸ್ಕಿ) ಫಾಂಟಿನಲ್ಲಿ ಹೊಡೆದ ಮ್ಯಾಟರಿಗೆ ಫಾಂಟ್ ಹೆಸರು ಮಾತ್ರ ಬದಲಿಸಿದರೆ ಅಕ್ಷರದ ಬದಲು ಚಿಹ್ನೆಗಳ ರಾಶಿ ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ‘ಸುಮುಹೂರ್ತ’ದ ಅರ್ಕಾವೊತ್ತು ಸರಿ ಕೂತಿದೆಯಾ ನೋಡಿ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ಸ್ (ಬರೀ ಗೆರೆಯ ಆಕಾರ) ಮಾಡಿಯೇ ಪ್ರೆಸ್ಸಿಗೆ ಕೊಡಿ. ಕರ್ವ್ಸ್ ಆದಮೇಲೆ ಕಾಗುಣಿತ ತಿದ್ದಲಾಗದು, ಪ್ರೂಫ್ ಅದಕ್ಕೂ ಮುಂಚೆಯೇ ಮನೆಯವರ ಕಣ್ಣಿಗೆ ಬೀಳಬೇಕು.