ಟ್ರೇ ಹೊಟ್ಟೆ ಬಿಡುತ್ತಿದ್ದರೆ ಪ್ರೆಸ್ಸಿನಲ್ಲಿ ಒತ್ತಿಸಿ ಸುಮ್ಮನಾಗಬೇಡಿ

ಹೀಟ್ ಟ್ರೀಟ್‌ಮೆಂಟ್, ಅಂದರೆ ಸ್ಟೀಲನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವವರು, ಹೊಸದಾಗಿ ಫರ್ನೇಸ್ ಹಾಕಲು ಹೊರಟವರು ಇದನ್ನು ಓದಿ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್. ಇಎನ್ 24 ಅನ್ನುವ ಸ್ಟೀಲಿನ ಶಾಫ್ಟ್‌ಗಳನ್ನು 850 ಡಿಗ್ರಿಗೆ ಕಾಯಿಸಿ, ಎರಡು ಗಂಟೆ ಇಟ್ಟು, ಟ್ರೇ ಸಮೇತ ಎಣ್ಣೆಗೆ ಇಳಿಸುತ್ತೇವೆ. ಹೋದ ವರ್ಷ ಮೀಟರ್ ಉದ್ದದ ಎರಡು ಟ್ರೇ ಮಾಡಿಸಿದೆ. ಫ್ಯಾಬ್ರಿಕೇಶನ್‌ನವರು 310, ಅಂದರೆ ಹೆಚ್ಚು ಶಾಖ ತಾಳುವ ಸ್ಟೇನ್‌ಲೆಸ್ ಸ್ಟೀಲ್ ಅಂದರು, ಬಿಲ್ಲೂ ಅದೇ ದರದಲ್ಲಿ. ಮ್ಯಾಗ್ನೆಟ್ ಹಿಡಿದು ನೋಡಿದೆ, ಅಂಟಲಿಲ್ಲ, ಅಷ್ಟಕ್ಕೇ ನಂಬಿದೆ. ಇನ್ನೂ ಗಟ್ಟಿ ಇರಲಿ ಅಂತ ನಾನೇ ನಿಂತು ದಪ್ಪ ಫ್ರೇಮಿಗೆ ತೆಳು ಕಂಬಿಗಳನ್ನು ಎರಡೂ ತುದಿಗೆ ವೆಲ್ಡ್ ಮಾಡಿಸಿದೆ. ಈ ತಪ್ಪು ನನ್ನದೇ.

ಒಂದೆರಡು ವಾರ ಏನೂ ಇಲ್ಲ. ಆಮೇಲೆ ಆಪರೇಟರ್ ಬಂದು "ಸಾರ್, ಟ್ರೇ ಹೊಟ್ಟೆ ಬಿಡ್ತಿದೆ" ಅಂದ. ದಾರ ಎಳೆದು ಅಳೆದರೆ ನಡುವೆ 4 ಮಿಲಿಮೀಟರ್ ಇಳಿದಿದೆ. ಪ್ರೆಸ್ಸಿನಲ್ಲಿ ಒತ್ತಿ ನೆಟ್ಟಗೆ ಮಾಡಿದೆವು. ಮತ್ತೆ ಬಾಗಿತು. ಮತ್ತೆ ಒತ್ತಿದೆವು.

ಆಗಿದ್ದು ಇಷ್ಟು. ಕೆಂಪಗೆ ಕಾದ ಸ್ಟೀಲ್ ಭಾರ ಹೊತ್ತು ನಿಂತರೆ, ಭಾರ ಜಾಸ್ತಿಯಾಗದಿದ್ದರೂ, ಹೊತ್ತು ಕಳೆದ ಹಾಗೆ ಇಳಿಯುತ್ತಲೇ ಹೋಗುತ್ತದೆ. ಇದೇ ಕ್ರೀಪ್. ಎಣ್ಣೆಗೆ ಬಿದ್ದಾಗಿನ ಕಥೆಯೇ ಬೇರೆ. 850 ಡಿಗ್ರಿಯಿಂದ ತಣ್ಣಗಾದರೆ ಮೀಟರ್ ಕಂಬಿ ಸುಮಾರು 15 ಮಿಲಿಮೀಟರ್ ಗಿಡ್ಡವಾಗಬೇಕು. ತೆಳು ಕಂಬಿ ಬೇಗ ತಣ್ಣಗಾಗುತ್ತದೆ, ದಪ್ಪ ಫ್ರೇಮ್ ಇನ್ನೂ ಬಿಸಿಯಾಗಿದ್ದು ಬಿಡುವುದಿಲ್ಲ, ಕಂಬಿ ಜಗ್ಗಿಸಿಕೊಂಡು ಕಾಯಂ ಉದ್ದವಾಗುತ್ತದೆ. ಆಮೇಲೆ ಫ್ರೇಮ್ ಕುಗ್ಗಿದಾಗ ಆ ಉದ್ದಕ್ಕೆ ಜಾಗ ಇಲ್ಲ, ಸೊಟ್ಟಗಾಗುತ್ತದೆ. ಬರೀ ಇಷ್ಟೇ ಆಗಿದ್ದರೆ ನಾಲ್ಕಾರು ಸಲಕ್ಕೆ ಒಂದು ಕಡೆ ನಿಂತುಬಿಡಬಹುದಿತ್ತು. ಆದರೆ ಒಳಗೆ ಉಳಿದ ಬಿಗಿಯನ್ನು ಮುಂದಿನ ಬ್ಯಾಚಿನ ಶಾಖ ಸಡಿಲಿಸಿಬಿಡುತ್ತದೆ, ಅದೂ ಕ್ರೀಪೇ, ಹಾಗಾಗಿ ಎಣ್ಣೆಗೆ ಇಳಿದಾಗಲೆಲ್ಲ ಜಗ್ಗಾಟ ಮೊದಲಿಂದ ಶುರು. ಪ್ರತಿ ಸಲ ಚೂರು ಚೂರು, ಅದೇ ದಿಕ್ಕಿಗೆ. ನಾವು ಪ್ರೆಸ್ಸಿನಲ್ಲಿ ಒತ್ತಿದ್ದು ಆ ಸ್ಟೀಲಿಗೆ ಇನ್ನೊಂದು ಪೆಟ್ಟು ಅಷ್ಟೇ.

ಒಂದು ರಾತ್ರಿ ಪಾಳಿಯಲ್ಲಿ ಟ್ರೇ ಹೊರಗೆಳೆಯುವಾಗ ಮೂಲೆಯ ವೆಲ್ಡ್ ಬಿಟ್ಟಿತು. ಕೆಂಪಗಿದ್ದ ಶಾಫ್ಟ್‌ಗಳು ಬಾಗಿಲಲ್ಲೇ ಜಾರಿ ಹೀಟರ್ ಕಾಯಿಲ್ ಮೇಲೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಅರ್ಧ ಎಣ್ಣೆಯೊಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿದ್ದರೆ ಬೆಂಕಿ ಹತ್ತುತ್ತಿತ್ತು, ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಈಗಿನ ಟ್ರೇಗಳಲ್ಲಿ ಕಂಬಿಗೆ ವೆಲ್ಡ್ ಇಲ್ಲ, ತೂತಿನೊಳಗೆ ಸಡಿಲವಾಗಿ ಕೂರುತ್ತದೆ, ಹಿಗ್ಗಲಿ ಕುಗ್ಗಲಿ. ಕೆಲವು ಬ್ಯಾಚಿಗೊಮ್ಮೆ ಟ್ರೇಯನ್ನು ತಿರುವಿ ಹಾಕುತ್ತೇವೆ. ಪ್ರತಿ ಶನಿವಾರ ತಣ್ಣಗಿದ್ದಾಗ ದಾರ ಎಳೆದು ಅಳತೆಯನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ವಾರದಿಂದ ವಾರಕ್ಕೆ ಇಳಿತ ಏರುತ್ತಾ ಹೋದರೆ ಆ ಟ್ರೇ ಕೆಲಸದಿಂದ ಔಟ್. ಮ್ಯಾಗ್ನೆಟ್ ನಂಬಬೇಡಿ, ಮಾಮೂಲಿ ಸ್ಟೇನ್‌ಲೆಸ್ ಆದ 304ಕ್ಕೂ 310ಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ದುಡ್ಡು ಕೊಡುವ ಮೊದಲು ಮೆಟಲ್ ಟೆಸ್ಟಿಂಗ್ ಗನ್ ಹಿಡಿಸಿ, 310 ಆದರೆ ನಿಕಲ್ ಶೇಕಡಾ 20ರ ಹತ್ತಿರ ತೋರಿಸಬೇಕು.

ಇದು ನನಗೆ ಗೊತ್ತಾಗಿದ್ದು ಗುಜರಿ ಅಂಗಡಿಯಲ್ಲಿ. ಮುರಿದ ಟ್ರೇಗೆ ಅವರು ಗನ್ ಹಿಡಿದರು. ನಿಕಲ್ 8. "304 ರೇಟ್ ಹಾಕ್ತೀನಿ ಸಾರ್" ಅಂದರು.