ಲಾಳ, ಬರಿಗೊರಸು, ಬೂಟು: ಎರಡು ಕುದುರೆಗಳ ಮೇಲೆ ಒಂದೂವರೆ ವರ್ಷ

ಹೊಸದಾಗಿ ಕುದುರೆ ತಂದವರು ಫೋನ್ ಮಾಡಿದರೆ ಮೊದಲು ಕೇಳುವುದೇ ಇದು: "ಲಾಳ ಹೊಡೆಸ್ಬೇಕಾ, ಬೇಡ್ವಾ?" ನಾನೂ ಹೀಗೇ ಕೇಳಿಕೊಂಡು ಅಲೆದವನು. ಒಬ್ಬರು ಹೊಡೆಸಲೇಬೇಕು ಅಂದರು. ಇನ್ನೊಬ್ಬರು, ಲಾಳ ಹೊಡೆಸೋದೂ ಕಾಲಿಗೆ ಬೇಡಿ ಹಾಕೋದೂ ಒಂದೇ ಅಂದರು. ಇಬ್ಬರೂ ಅವರವರ ಕುದುರೆ ನೋಡಿ ಹೇಳಿದ್ದರು, ನನ್ನದನ್ನಲ್ಲ. ಕೊನೆಗೆ ನನ್ನ ಎರಡು ಕುದುರೆಗಳ ಮೇಲೇ ಮೂರೂ ಬಗೆಯನ್ನು ಮಾಡಿ ನೋಡಿದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ತಾರೀಖು, ನೆಲ, ನಡಿಗೆ ಎಲ್ಲ ಬರೆದಿಟ್ಟೆ.

ನಮ್ಮ ಜಾಗ ಚಿಕ್ಕಬಳ್ಳಾಪುರದಿಂದ ನಂದಿ ಕಡೆಗೆ, ಹಳೇ ದ್ರಾಕ್ಷಿ ತೋಟ. ಲಾಯದಿಂದ ಹೊರಟರೆ ಮೊದಲು ಕೆಮ್ಮಣ್ಣಿನ ದಾರಿ, ಆಮೇಲೆ ಒಂದಿಷ್ಟು ಡಾಂಬರು, ಅದಾದ ಮೇಲೆ ಕ್ರಷರ್ ಲಾರಿಗಳು ಓಡಾಡುವ ಜಲ್ಲಿ ದಾರಿ, ಕೊನೆಗೆ ಬೋಳು ಬಂಡೆ. ಗೊರಸಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕಿಲ್ಲ.

ಕುದುರೆಗಳು ಎರಡು. ರಾಣಿ ರೇಸಿನಿಂದ ಬಿಟ್ಟ ಮೇಲೆ ನಾನು ತಂದ ಥರೋಬ್ರೆಡ್ ತಳಿಯವಳು. ಎತ್ತರದ ಆಳು, ತೆಳು ಚರ್ಮ, ಚಪ್ಪಟೆ ಅಂಗಾಲು. ಕೆಂಚ ಮಾರ್ವಾಡಿ ತಳಿಯವನು, ಕಿವಿ ತುದಿ ಒಂದಕ್ಕೊಂದು ತಾಗುವಷ್ಟು ಬಾಗಿದೆ. ಅವನ ಗೊರಸನ್ನು ಬೆರಳಿನಿಂದ ತಟ್ಟಿದರೆ ಒಣ ತೆಂಗಿನ ಚಿಪ್ಪಿನ ಸದ್ದು ಬರುತ್ತೆ. ಇವರಿಬ್ಬರಿಗೂ ಒಂದೇ ಉತ್ತರ ಸಿಗಲ್ಲ ಅನ್ನುವುದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಒಂದೂವರೆ ವರ್ಷ ಯಾಕೆ ಅಂದರೆ, ಗೊರಸು ನಮ್ಮ ಉಗುರಿನ ಹಾಗೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತೆ. ತಿಂಗಳಿಗೆ 6ರಿಂದ 10 ಮಿಲಿಮೀಟರ್, ಅಷ್ಟೆ. ಮುಂತುದಿ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಎರಡು ತಿಂಗಳು ಮಾಡಿ ನೋಡಿ "ಇದು ಸರಿ ಹೋಗಲಿಲ್ಲ" ಅನ್ನುವವರು ನೋಡುತ್ತಿರುವುದು ಹೋದ ವರ್ಷದ ಗೊರಸನ್ನು.

ಮೊದಲು ಕಬ್ಬಿಣದ ಲಾಳ. ಇದರಲ್ಲಿ ಇಬ್ಬರ ಕೈ ನೋಡಿದೆ. ಒಬ್ಬರು ಸಂತೆಯಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಹಿರಿಯರು. ಎತ್ತಿನದು ಸೀಳುಗೊರಸು, ಅದಕ್ಕೆ ಎರಡು ತುಂಡು ತಗಡಿನಂಥ ಲಾಳ. ಕುದುರೆಯದು ಒಂದೇ ಗೊರಸು, ಒಂದೇ ಬಾಗಿದ ಲಾಳ. ಮೊಳೆ ಹೊಡೆಯುವುದರಲ್ಲಿ ಅವರ ಕೈ ಎಷ್ಟು ಹದ ಅಂದರೆ ಕೆಂಚ ನಿಂತಲ್ಲೇ ತೂಕಡಿಸಿದ. ಆದರೆ ಅಂಗಾಲಿನ ನಡುವೆ ತ್ರಿಕೋನದ ಮೆತ್ತೆ ಇರುತ್ತಲ್ಲ, ಫ್ರಾಗ್ ಅಂತಾರೆ, ಅದನ್ನು ಚೊಕ್ಕಟ ಕಾಣಲಿ ಅಂತ ಕೆತ್ತಿ ತೆಳುವಾಗಿಸಿಬಿಟ್ಟರು. ಕಾಲು ಊರಿದಾಗ ಪೆಟ್ಟು ಹೀರುವುದೇ ಆ ಮೆತ್ತೆ ಮತ್ತು ಹಿಮ್ಮಡಿ. ವಾರಗಟ್ಟಲೆ ಕೆಂಚ ಡಾಂಬರಿನ ಮೇಲೆ ಹುಷಾರಾಗಿ ಕಾಲಿಡುತ್ತಿದ್ದ. ಇನ್ನೊಬ್ಬರು ಬೆಂಗಳೂರಿನಿಂದ ಬರುವವರು, ರೇಸ್ ಕುದುರೆಗಳ ಮೇಲೆ ಪಳಗಿದ ಕೈ. ಅವರು ಬಂದ ಕೂಡಲೇ ಚಾಕು ತೆಗೆಯಲಿಲ್ಲ. "ಸ್ವಲ್ಪ ನಡೆಸಿ ಸಾರ್" ಅಂದರು. ಹಿಂದಿನಿಂದ, ಪಕ್ಕದಿಂದ, ಎದುರಿನಿಂದ ನಡಿಗೆ ನೋಡಿ ಆಮೇಲೆ ಕಾಲೆತ್ತಿದರು.

ಅವರು ತೋರಿಸಿದ್ದೊಂದು ಇಲ್ಲಿ ಹೇಳಬೇಕು. ಗೊರಸನ್ನು ಮಗುಚಿ ನೋಡಿದರೆ ಹೊರಗೋಡೆಗೂ ಅಂಗಾಲಿಗೂ ನಡುವೆ ತಿಳಿ ಹಳದಿಯ ಸಣ್ಣ ಗೆರೆ ಓಡುತ್ತೆ. ಮೊಳೆ ಆ ಗೆರೆಯ ಹೊರಗೇ ಹೋಗಬೇಕು, ಒಳಗೆ ಜೀವ ಇದೆ. ಇನ್ನೊಂದು, ಗೊರಸಿನ ಅತಿ ಅಗಲದ ಜಾಗ ದಾಟಿ ಹಿಂದಕ್ಕೆ ಮೊಳೆ ಹೊಡೆಯಬಾರದು. ಕಾಲು ಊರಿದಾಗ ಹಿಮ್ಮಡಿ ಒಂಚೂರು ಅಗಲವಾಗಬೇಕು, ಅಲ್ಲಿಗೆ ಮೊಳೆ ಬಿದ್ದರೆ ಅದು ಬಿಗಿದುಹೋಗುತ್ತೆ. ಮೊಳೆ ಸರಿಯಾಗಿ ಹೋಗುವಾಗ ಸುತ್ತಿಗೆಯ ಸದ್ದು ಗಟ್ಟಿಯಾಗುತ್ತಾ ಹೋಗುತ್ತೆ. ಸದ್ದು ಮೆತ್ತಗಾಯಿತು ಅಂದರೆ ಅವರು ಕೈ ನಿಲ್ಲಿಸಿ ಮೊಳೆ ಎಳೆದುಬಿಡುತ್ತಿದ್ದರು.

ಲಾಳದಿಂದ ರಾಣಿಗೆ ಆದ ಲಾಭ ಕಣ್ಣಿಗೆ ಕಾಣುವಂಥದ್ದು. ಜಲ್ಲಿ ದಾರಿಯಲ್ಲಿ ಅವಳು ತಲೆ ಎತ್ತಿ ನಡೆದಳು. ಆದರೆ ಬೋಳು ಬಂಡೆಯ ಮೇಲೆ ಕಬ್ಬಿಣ ಜಾರುತ್ತೆ. ಒಂದು ಸಲ ಹಿಂಗಾಲು ಎರಡೂ ಜಾರಿ ಕೂತೇಬಿಟ್ಟಳು, ನಾನು ಜೀನಿನ ಮೇಲೆ ಮಾತು ಬಾರದೆ ಕೂತಿದ್ದೆ. ಇನ್ನೊಂದು ತೊಂದರೆ ಕೆಸರು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಡೆಯ ಸಂಸ್ಕರಿಸಿದ ಕೊಳಚೆ ನೀರು ಬರಲು ಶುರುವಾದ ಮೇಲೆ ಕಂದವಾರ ಕೆರೆಯ ಕಡೆ ಬೇಸಿಗೆಯಲ್ಲೂ ಅಂಚು ಒದ್ದೆಯಾಗಿರುತ್ತೆ. ಅಲ್ಲಿ ಹೂತ ಕಾಲನ್ನು ಕಿತ್ತುಕೊಂಡಾಗ ಲಾಳ ಅಲ್ಲೇ ಉಳಿಯಿತು, ಜೊತೆಗೆ ಗೊರಸಿನ ಗೋಡೆಯ ಎರಡು ಬೆರಳಗಲದ ಚೂರೂ ಹೋಯಿತು. ಆ ಚೂರು ಬೆಳೆದು ತುಂಬಲು ಏಳು ತಿಂಗಳು ಹಿಡಿಯಿತು.

ಎರಡನೆಯದು ಬರಿಗೊರಸು. ಲಾಳ ತೆಗೆಸಿ, ಅಂಚನ್ನು ಅರದಿಂದ ದುಂಡಗೆ ಉಜ್ಜಿಸಿ ಬಿಡುವುದು. ಕೆಂಚ ಇದಕ್ಕೆಂದೇ ಹುಟ್ಟಿದವನು. ಮೊದಲ ತಿಂಗಳು ಜಲ್ಲಿಯ ಮೇಲೆ ದಾರಿಯ ಅಂಚು ಹಿಡಿದು ನಡೆದ, ನಾಲ್ಕನೇ ತಿಂಗಳಿಗೆ ಅದೂ ನಿಂತಿತು. ಬಂಡೆಯ ಮೇಲೆ ಅವನ ಹಿಡಿತ ನೋಡಬೇಕು, ಮೇಕೆಯ ಹಾಗೆ. ನೀರಿನ ತೊಟ್ಟಿಯ ಸುತ್ತ ಒಂದು ಟ್ರ್ಯಾಕ್ಟರ್ ಗುಂಡುಕಲ್ಲು ಹರಡಿಸಿದೆ, ಕುದುರೆ ನಿಲ್ಲುವಲ್ಲಿ ಹೀಗೆ ಮಾಡಿ ಅಂತ ಹಳೇ ಗ್ರೀಕ್ ಲೇಖಕ ಕ್ಸೆನೊಫೋನ್ ಬರೆದಿದ್ದಾನೆ. ದಿನಕ್ಕೆ ಹತ್ತು ಸಲ ನೀರಿಗೆ ಬಂದು ಹೋಗುವುದರಲ್ಲೇ ಅಂಗಾಲಿಗೆ ಕಸರತ್ತು.

ರಾಣಿಯ ಕಥೆ ಬೇರೆ. ಲಾಳ ತೆಗೆಸಿದ ಮಾರನೇ ದಿನ ಅವಳು ಕೆಂಡ ಹಾಯುವವಳ ಹಾಗೆ ನಡೆದಳು. ಆರು ತಿಂಗಳು ಕಾದೆ. ಕೆಮ್ಮಣ್ಣಿನಲ್ಲಿ ಪರವಾಗಿಲ್ಲ, ಜಲ್ಲಿ ಬಂತೆಂದರೆ ನಿಂತುಬಿಡುತ್ತಿದ್ದಳು. ಬರಿಗೊರಸಿನ ಕಡೆಯವರು "ಇನ್ನೂ ಆರು ತಿಂಗಳು ಕೊಡಿ" ಅಂದರು. ಕೊಡಬಹುದಿತ್ತೋ ಏನೋ. ದಿನಾ ಬೆಳಗ್ಗೆ ಅವಳ ಮುಖ ನೋಡುವವನು ನಾನು, ನನಗಾಗಲಿಲ್ಲ.

ಬರಿಗೊರಸು ಅಂದರೆ ಖರ್ಚಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಲು ದಿನಾ ಎತ್ತಿ ನೋಡಬೇಕು. ಮಳೆಗಾಲದಲ್ಲಿ ಫ್ರಾಗ್ ಪಕ್ಕದ ಸಂದಿಯಿಂದ ಕಪ್ಪು ಹಸಿ ಬಂದು, ಕೊಳೆತ ಮೊಟ್ಟೆಯ ನಾತ ಹೊಡೆದರೆ ಅದು ಥ್ರಶ್. ಲಾಳ ಇರುವ ಕಾಲಿಗೂ ಬರುತ್ತೆ, ಒದ್ದೆ ಲಾಯ ಇದ್ದರೆ ಯಾರನ್ನೂ ಬಿಡಲ್ಲ. ದ್ರಾಕ್ಷಿಗೆ ಬೋರ್ಡೊ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತವೇ ಇದಕ್ಕೂ ಮದ್ದು. ತೆಳ್ಳಗೆ ಕಲಸಿ ಹತ್ತಿಯಲ್ಲಿ ಅದ್ದಿ ಸಂದಿಗೆ ಇಡುತ್ತೇನೆ. ಗಟ್ಟಿಯಾಗಿ ಕಲಸಿ ಹಸಿ ಮಾಂಸಕ್ಕೆ ತಾಗಿಸಿದರೆ ಸುಡುತ್ತೆ, ಜಾಗ್ರತೆ. ಅದಕ್ಕಿಂತ ಮೊದಲು ನೆಲ ಒಣಗಿಸಿ. ನೆಲ ಒದ್ದೆಯಿಟ್ಟು ಮದ್ದು ಹಚ್ಚುವುದು ಸೋರುವ ಮನೆಯಲ್ಲಿ ನೆಲ ಒರೆಸಿದ ಹಾಗೆ.

ಮೂರನೆಯದು ಬೂಟು. ರಬ್ಬರಿನದು, ಹೊರದೇಶದಿಂದ ತರಿಸಿದ್ದು. ಒಂದು ಜೋಡಿಗೆ ಕೊಟ್ಟ ದುಡ್ಡಿನಲ್ಲಿ ಆರು ಸಲ ಲಾಳ ಹೊಡೆಸಬಹುದಿತ್ತು. ಸವಾರಿಗೆ ಹೊರಡುವಾಗ ಹಾಕಿ, ಬಂದ ಮೇಲೆ ಬಿಚ್ಚುವುದು. ಜಲ್ಲಿಯ ಮೇಲೆ ಇದಕ್ಕೆ ಸಾಟಿಯಿಲ್ಲ, ರಾಣಿ ಟ್ರಾಟಿನಲ್ಲೇ, ಅಂದರೆ ಸಣ್ಣ ಓಟದಲ್ಲೇ, ದಾಟಿದಳು. ಬಂಡೆಯ ಮೇಲೂ ಜಾರಲಿಲ್ಲ. ತೊಂದರೆ ಇರುವುದು ಅಳತೆಯಲ್ಲಿ. ಗೊರಸು ಕತ್ತರಿಸಿದ ದಿನ ಮಿಲಿಮೀಟರ್ ಲೆಕ್ಕದಲ್ಲಿ ಉದ್ದ, ಅಗಲ ತೆಗೆದುಕೊಂಡಿದ್ದೆ. ಐದನೇ ವಾರಕ್ಕೆ ಗೊರಸು ಬೆಳೆದು ಬಿಗಿಯಾಯಿತು. ಹಿಮ್ಮಡಿಯ ಮೇಲೆ ಕೆಮ್ಮಣ್ಣಿನ ಮರಳು ಸೇರಿ ಉಜ್ಜಿ, ಎರಡು ರೂಪಾಯಿ ನಾಣ್ಯದಷ್ಟು ಗಾಯ. ಕೆಸರಿನಲ್ಲಂತೂ ಬೂಟು ಒಂದು ಕಡೆ, ಕುದುರೆ ಒಂದು ಕಡೆ. ಅಂಟು ಹಾಕಿ ಕೂರಿಸುವ ಲಾಳವೂ ಇದೆ, ನಮ್ಮ ಬಿಸಿಲಿಗೆ, ದೂಳಿಗೆ ಅದನ್ನು ಪ್ರಯತ್ನಿಸುವ ಧೈರ್ಯ ಬರಲಿಲ್ಲ.

ಇಷ್ಟು ಮಾಡುವಾಗ ನೋಟ್‌ಬುಕ್ಕಿನಲ್ಲಿ ನಾನು ಹುಡುಕದೇ ಇದ್ದ ಒಂದು ವಿಷಯ ಸಿಕ್ಕಿತು. ನಡುವೆ ಒಮ್ಮೆ ಲಾಳ ಹೊಡೆಯುವ ಬೆಂಗಳೂರಿನವರಿಗೆ ಬರಲಾಗದೆ ಲಾಳ ಬದಲಿಸುವುದು ಹತ್ತು ವಾರಕ್ಕೆ ಹೋಯಿತು. ರಾಣಿ ಕುಂಟಲಿಲ್ಲ. ಆದರೆ ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಹಾಕಿ ಹಲ್ಲು ತೋರಿಸತೊಡಗಿದಳು. ಬೆನ್ನಿನ ಮೇಲೆ ಬೆರಳು ಒತ್ತಿದರೆ ಕುಗ್ಗುತ್ತಿದ್ದಳು. ಹೆಜ್ಜೆ ಗಿಡ್ಡವಾಯಿತು. ನಾನು ಜೀನಿನ ಕೆಳಗಿನ ಕಂಬಳಿ ಬದಲಿಸಿದೆ, ಬೆನ್ನಿಗೆ ಎಣ್ಣೆ ತಿಕ್ಕಿಸಿದೆ, ಎಂಟು ದಿನ ಸವಾರಿ ಬಿಟ್ಟೆ. ಏನೂ ಆಗಲಿಲ್ಲ.

ಒಂದು ಬೆಳಗ್ಗೆ ಲಾಯ ನೋಡಿಕೊಳ್ಳುವ ಹುಡುಗ ಕರೆದ: "ಅಣ್ಣಾ, ಇವ್ಳು ಹೆಜ್ಜೆ ಇಡೋದ್ ನೋಡಿ, ಮುಂತುದೀಲಿ ಕುಟ್ತಾವ್ಳೆ." ನೆಲಕ್ಕೆ ಮಂಡಿಯೂರಿ ಕೂತು ನೋಡಿದೆ. ನಿಜ. ಆರೋಗ್ಯವಾಗಿರುವ ಕಾಲಿನಲ್ಲಿ ಹಿಮ್ಮಡಿ ಮೊದಲು ತಾಗಬೇಕು, ಇಲ್ಲವೇ ಗೊರಸು ಸಮವಾಗಿ ಕೂರಬೇಕು. ಇವಳ ಮುಂತುದಿ ಮೊದಲು ತಾಗಿ ಸಣ್ಣಗೆ ದೂಳೇಳುತ್ತಿತ್ತು. ಹತ್ತು ವಾರದಲ್ಲಿ ಲಾಳ ಇದ್ದುದರಿಂದ ಸವೆಯಲಾಗದೆ ಗೊರಸು ಮುಂದಕ್ಕೆ ಬೆಳೆದಿತ್ತು, ಹಿಮ್ಮಡಿ ತಗ್ಗಿತ್ತು. ಮುಂತುದಿ ಉದ್ದವಾದಷ್ಟೂ ಕಾಲು ಎತ್ತುವಾಗ ಹಿಂದಿನ ಸ್ನಾಯುರಜ್ಜಿನ (ಟೆಂಡನ್) ಮೇಲೆ ಎಳೆತ ಜಾಸ್ತಿ. ಅದನ್ನು ತಪ್ಪಿಸಲು ಕುದುರೆ ಹೆಗಲು ಬಿಗಿಹಿಡಿಯುತ್ತೆ, ಹೆಗಲು ಬಿಗಿದರೆ ಬೆನ್ನು ಬಿಗಿಯುತ್ತೆ. ಕುದುರೆಯ ತೂಕದಲ್ಲಿ ನೂರಕ್ಕೆ ಅರವತ್ತರಷ್ಟು ಮುಂಗಾಲುಗಳ ಮೇಲೇ ಇರುವುದು, ಮರೆಯಬೇಡಿ.

ಮುಂತುದಿ ಹಿಂದಕ್ಕೆ ತರಿಸಿ ಹೊಸ ಲಾಳ ಹೊಡೆಸಿದೆ. ಮೂರು ವಾರದಲ್ಲಿ ಬೆನ್ನು ಮೆತ್ತಗಾಯಿತು. ಅಂದಿನಿಂದ ಗೊರಸು ಕತ್ತರಿಸುವುದು ರಾಣಿಗೆ ಐದು ವಾರಕ್ಕೆ, ಕೆಂಚನಿಗೆ ಆರು ವಾರಕ್ಕೆ, ಒಂದು ದಿನ ಆಚೀಚೆ ಇಲ್ಲ. ಲಾಳವೋ ಬರಿಗೊರಸೋ ಅಂತ ಜಗಳ ಆಡುವವರಿಗೆ ನಾನು ಮೊದಲು ಕೇಳುವುದು, ಹೋದ ಸಲ ಕತ್ತರಿಸಿದ್ದು ಯಾವ ತಾರೀಖು ಅಂತ. ಅರ್ಧ ಜನಕ್ಕೆ ಅದು ನೆನಪಿರಲ್ಲ.

ಹಾಗಂತ ಎಲ್ಲವನ್ನೂ ಗೊರಸಿನ ತಲೆಗೆ ಕಟ್ಟಲೂ ಆಗಲ್ಲ. ಕೆಂಚನ ಎಡ ಮುಂಗಾಲಿನ ಹೊರ ಅಂಚು ಯಾವಾಗಲೂ ಹೆಚ್ಚು ಸವೆಯುತ್ತಿತ್ತು. ಉಜ್ಜಿ ಸಮ ಮಾಡಿಸಿದರೂ ತಿಂಗಳಲ್ಲಿ ಅದೇ ಕಥೆ. ಪಶುವೈದ್ಯರು ಬಂದಾಗ ಗೊರಸು ತೋರಿಸಿದರೆ, ಅವರು ಬಾಯಿ ತೆರೆಸಿದರು. ಕುದುರೆಯ ದವಡೆ ಹಲ್ಲು ಆಯುಸ್ಸಿಡೀ ಮೇಲೇಳುತ್ತಲೇ ಇರುತ್ತೆ. ಮೇಲಿನ ಹಲ್ಲಿನ ಹೊರ ಅಂಚು, ಕೆಳಗಿನದರ ಒಳ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತೆ. ಕೆಂಚನ ಒಂದು ಕೆನ್ನೆಯೊಳಗೆ ಹಳೇ ಗಾಯ ಇತ್ತು. ಆ ಕಡೆ ಲಗಾಮು ತಾಗಬಾರದೆಂದು ಕತ್ತು ಓರೆ ಮಾಡಿ, ಮೈಯನ್ನೇ ಎಡಕ್ಕೆ ವಾಲಿಸಿ ನಡೆಯುತ್ತಿದ್ದ. ಹಲ್ಲು ಅರದಿಂದ ಉಜ್ಜಿಸಿದ ಮೇಲೆ ಎರಡು ಸಲದ ಕತ್ತರಿಕೆಯಲ್ಲಿ ಸವೆತ ಹೆಚ್ಚುಕಮ್ಮಿ ಸಮಕ್ಕೆ ಬಂತು. ಹಲ್ಲೊಂದರಿಂದಲೇ ಅಂತ ಹೇಳಲಾರೆ, ಅದೇ ಹೊತ್ತಿಗೆ ನಾನೂ ಎರಡು ಕಡೆ ಸಮ ಕೂರುವುದನ್ನು ಕಲಿಯುತ್ತಿದ್ದೆ.

ಕುಂಟು ಗುರುತಿಸುವುದು ನಾನು ತಡವಾಗಿ ಕಲಿತದ್ದು. ಗಟ್ಟಿ ನೆಲದ ಮೇಲೆ ಟ್ರಾಟ್ ಮಾಡಿಸಿ ತಲೆ ನೋಡಿ. ನೋವಿನ ಮುಂಗಾಲು ಊರುವಾಗ ತಲೆ ಮೇಲಕ್ಕೆ ಹೋಗುತ್ತೆ, ಒಳ್ಳೇ ಕಾಲು ಊರುವಾಗ ಕೆಳಗಿಳಿಯುತ್ತೆ. ಬಹಳ ಜನ ತಲೆ ತಗ್ಗಿದ ಕಡೆಯ ಕಾಲನ್ನೇ ಹಿಡಿದು ಹುಡುಕುತ್ತಾರೆ, ನಾನೂ ಒಮ್ಮೆ ಒಳ್ಳೇ ಕಾಲಿಗೆ ಎರಡು ದಿನ ಶಾಖ ಕೊಟ್ಟಿದ್ದೇನೆ.

ಮೇವಿನ ಬಗ್ಗೆ ಚುಟುಕಾಗಿ. ಬೇಯಿಸಿದ ಹುರುಳಿ, ಗೋಧಿ ಬೂಸಾ, ಒಣ ಹುಲ್ಲು ನಮ್ಮ ಲೆಕ್ಕ. ಪ್ರೀತಿ ಹೆಚ್ಚಾಗಿ ಧಾನ್ಯ, ಬೆಲ್ಲ ಸುರಿದರೆ ಗೊರಸಿನ ಒಳಪದರ ಉರಿಯೆದ್ದು ಲ್ಯಾಮಿನೈಟಿಸ್ ಆಗುತ್ತೆ. ಆಗ ಕುದುರೆ ಮುಂಗಾಲು ಮುಂದೆ ಚಾಚಿ, ಭಾರ ಹಿಂದಕ್ಕೆ ಹಾಕಿ ನಿಲ್ಲುತ್ತೆ. ಗೊರಸು ಬಿಸಿ, ಅದರ ಮೇಲಿನ ಗಂಟಿನ ಹತ್ತಿರ ನಾಡಿ ಬಡಿತ ಬೆರಳಿಗೆ ಜೋರಾಗಿ ಸಿಗುತ್ತೆ. ಹಾಗೆ ನಿಂತದ್ದು ಕಂಡರೆ ಡಾಕ್ಟರಿಗೆ ಆಗಲೇ ಫೋನ್ ಮಾಡಿ, ಬೆಳಗ್ಗೆ ನೋಡೋಣ ಅನ್ನಬೇಡಿ. ಇನ್ನೊಂದು, ನಮ್ಮ ಕಡೆ ಕೋಳಿ ಫೀಡು, ಹಸು ಫೀಡು ಮನೆಮನೆಯಲ್ಲಿ ಇರುತ್ತೆ. ಅವುಗಳಲ್ಲಿ ಕೆಲವಕ್ಕೆ ಸೇರಿಸುವ ಮೊನೆನ್ಸಿನ್ ಅನ್ನುವ ಔಷಧಿ ಕುದುರೆಗೆ ವಿಷ, ಸ್ವಲ್ಪವೇ ಆದರೂ ಗುಂಡಿಗೆ ಕೆಡಿಸುತ್ತೆ. ಲಾಯದ ಹತ್ತಿರ ಆ ಚೀಲ ಬೇಡ. ಗೊರಸಿಗೆ ಹಚ್ಚುವ ಹರಳೆಣ್ಣೆ ಫೋಟೋಗೆ ಚೆನ್ನ. ರಾಣಿಗೆ ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ಅನ್ನುವ ವಿಟಮಿನ್ ಒಂಬತ್ತು ತಿಂಗಳು ಕೊಟ್ಟೆ. ಹೊಸದಾಗಿ ಇಳಿದು ಬಂದ ಭಾಗ ಹಳೇದಕ್ಕಿಂತ ನಯವಾಗಿದೆ, ಮೊಳೆ ತೂತು ಸೀಳುವುದು ಕಮ್ಮಿಯಾಗಿದೆ.

ಸದ್ಯಕ್ಕೆ ಕೆಂಚ ನಾಲ್ಕೂ ಕಾಲು ಬರಿಗೊರಸು. ರಾಣಿಗೆ ಮುಂಗಾಲಿಗೆ ಮಾತ್ರ ಲಾಳ, ಹಿಂಗಾಲು ಬರಿ. ಬಂಡೆ ಇಳಿಯುವಾಗ ಹಿಂಗಾಲು ಹಿಡಿಯುತ್ತೆ, ಜಲ್ಲಿಯಲ್ಲಿ ಮುಂಗಾಲು ತಡೆಯುತ್ತೆ.

ಬೂಟು ದಂಡವಾಯಿತಾ ಅಂತ ಕೇಳುತ್ತಾರೆ. ಹೋದ ಮಳೆಗಾಲದಲ್ಲಿ ಕೆಂಚ ಶೀಟ್ ಮನೆ ಕಟ್ಟುವ ಕಡೆ ಹೋಗಿ ಮೊಳೆ ತುಳಿದ. ಗಾಬರಿಯಲ್ಲಿ ನಾನೇ ಇಕ್ಕಳದಿಂದ ಕಿತ್ತೆ. ಡಾಕ್ಟರು ಬೈದರು: ಮೊಳೆ ಅಲ್ಲೇ ಇದ್ದಿದ್ದರೆ ಎಕ್ಸ್‌ರೇಯಲ್ಲಿ ಎಷ್ಟು ಆಳ, ಯಾವ ಕಡೆ ಹೋಗಿದೆ ಅಂತ ಕಾಣುತ್ತಿತ್ತು, ಇನ್ನಷ್ಟು ಒಳಗೆ ಹೋಗದ ಹಾಗೆ ಸುತ್ತ ದಪ್ಪ ಬಟ್ಟೆ ಕಟ್ಟಿ ಕರೆಯಬೇಕಿತ್ತು. ಧನುರ್ವಾಯು ಕುದುರೆಗೆ ಬಲು ಬೇಗ ಹತ್ತುತ್ತೆ, ಚುಚ್ಚುಮದ್ದು ವರ್ಷಾ ವರ್ಷಾ ಹಾಕಿಸಿದ್ದು ಅವತ್ತು ಕೈ ಹಿಡಿಯಿತು. ನಾಲ್ಕನೇ ದಿನ ಕೀವು ಕಟ್ಟಿತು. ತೂತು ಬಿಡಿಸಿ, ಉಪ್ಪುನೀರಿನಲ್ಲಿ ಕಾಲಿಳಿಸಿ, ಬ್ಯಾಂಡೇಜು ಸುತ್ತಿ, ಅದರ ಮೇಲೆ ಆ ದುಬಾರಿ ಬೂಟು. ಹನ್ನೆರಡು ದಿನ ಕೆಸರು ಸೋಕದ ಹಾಗೆ ಕಾಯಿತು. ರಾಣಿಯ ಅಳತೆಯದು, ಅವನಿಗೆ ಒಂಚೂರು ದೊಡ್ಡದು, ಬ್ಯಾಂಡೇಜು ಸೇರಿದರೆ ಸರಿಹೋಗುತ್ತಿತ್ತು. ಈಗ ಔಷಧಿ ಡಬ್ಬದ ಪಕ್ಕ ಗೂಟಕ್ಕೆ ತೂಗುಹಾಕಿದ್ದೇವೆ.