ಹಳೇ ಅಲ್ಯೂಮಿನಿಯಂ ಡಬಲ್ ಬೇಸ್, ಎರಡು ವರ್ಷ ನುಡಿಸಿದ ಮೇಲಿನ ರಿವ್ಯೂ (ಅದಕ್ಕೆ ಬೆಲೆ ಕಟ್ಟಿಸೋಕೆ ಹೋದ ಕಥೆನೂ ಸೇರಿಸಿ)

ಡಬಲ್ ಬೇಸ್ ಅಂದ್ರೆ ನಿಂತು ನುಡಿಸೋ, ಆಳೆತ್ತರದ ಪಿಟೀಲಿನ ಥರದ ವಾದ್ಯ. ನನ್ನ ಈ ಬೇಸನ್ನ ಹೊತ್ಕೊಂಡು ಎಲ್ಲಿಗೇ ಹೋದ್ರೂ ಜನ ಮೊದಲು ಮಾಡೋ ಕೆಲಸ ಅಂದ್ರೆ ಬೆರಳ ಗೆಣ್ಣಲ್ಲಿ ಟಣ್ ಅಂತ ಕುಟ್ಟಿ ನೋಡೋದು. ದೂರದಿಂದ ನೋಡಿದ್ರೆ ಮರ, ಹತ್ರ ಬಂದು ಕುಟ್ಟಿದ್ರೆ ಪಾತ್ರೆ. ಎರಡು ವರ್ಷದ ಹಿಂದೆ ಪೆನ್ಸಿಲ್ವೇನಿಯಾದಲ್ಲಿ ಒಂದು ಎಸ್ಟೇಟ್ ಸೇಲ್‌ಗೆ ಹೋಗಿದ್ದೆ, ಮನೆಯವರು ತೀರಿಕೊಂಡ ಮೇಲೆ ಇರೋಬರೋ ಸಾಮಾನಿಗೆಲ್ಲಾ ಚೀಟಿ ಅಂಟಿಸಿ ಮಾರ್ತಾರಲ್ಲ ಅದು, ಅಲ್ಲಿ ನೆಲಮಾಳಿಗೆ ಮೂಲೆಯಲ್ಲಿ ತಂತಿ ಇಲ್ಲದೆ ಗೋಡೆಗೆ ಮುಖ ಮಾಡಿ ನಿಂತಿತ್ತು ಪಾಪ. ಚೀಟಿ ಮೇಲೆ 3,000 ಡಾಲರ್ ಇತ್ತು, ಎರಡನೇ ದಿನ ಸಂಜೆ ಹೋಗಿ 2,200ಕ್ಕೆ ತಂದೆ. ಚೆನ್ನಾಗಿ ಚೌಕಾಸಿ ಮಾಡಿದೆ ಅಂತ ದಾರಿಯುದ್ದಕ್ಕೂ ಬೀಗಿದ್ದು ನಿಜ, ಆದ್ರೆ ಅವತ್ತು ನಾನು ನೋಡಬೇಕಾಗಿದ್ದ ಜಾಗ ಒಂದನ್ನೂ ನೋಡಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು.

ಮಾರಿದವರು ಹೇಳಿದ ಕಥೆ: "ಇದು 1910ರದ್ದು, ನೌಕಾಪಡೆ ಹಡಗಿನ ಬ್ಯಾಂಡ್‌ನಲ್ಲಿ ಇತ್ತು." ಅಲ್ಯೂಮಿನಿಯಂ ಬೇಸ್ ಮಾರೋ ಅರ್ಧ ಜನ ಈ ಹಡಗಿನ ಕಥೆ ಹೇಳ್ತಾರೆ ಮಾರಾಯ್ರೆ. ಕೇಳೋಕೆ ಚೆನ್ನಾಗಿದೆ, ಸಮುದ್ರದ ತೇವಕ್ಕೆ ಮರದ ವಾದ್ಯದ ಗೋಂದು ಬಿಟ್ಕೊಳ್ಳುತ್ತೆ ಅನ್ನೋದೂ ಸುಳ್ಳಲ್ಲ, ಆದ್ರೆ ನಿಮ್ಮ ಕೈಲಿರೋ ವಾದ್ಯ ಹಡಗು ಹತ್ತಿತ್ತು ಅನ್ನೋಕೆ ಒಂದು ಹಳೇ ಫೋಟೋನೋ ಕಾಗದವೋ ಇಲ್ಲದಿದ್ರೆ ಆ ಕಥೆಗೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ.

ವಾಸ್ತವ ಏನಪ್ಪಾ ಅಂದ್ರೆ, 1886ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸ್‌ನಲ್ಲಿ ಪಾಲ್ ಎರೂ ಇಬ್ಬರೂ ಬೇರೆಬೇರೆಯಾಗಿ ಕರೆಂಟ್ ಹಾಯಿಸಿ ಅಲ್ಯೂಮಿನಿಯಂ ತೆಗೆಯೋ ದಾರಿ ಕಂಡುಹಿಡಿದ್ರು, ಅಲ್ಲೀವರೆಗೂ ದುಬಾರಿಯಾಗಿದ್ದ ಲೋಹ ಕೆಲವೇ ವರ್ಷದಲ್ಲಿ ಅಗ್ಗ ಆಯ್ತು, ಅಗ್ಗ ಆದ್ಮೇಲೆ ಎಲ್ಲಾದಕ್ಕೂ ಅದನ್ನೇ ಬಳಸೋ ಹುಚ್ಚು ಹತ್ತಿತು. 1890ರ ದಶಕದಲ್ಲೇ ನ್ಯೂಯಾರ್ಕ್‌ನಲ್ಲಿ ನೀಲ್ ಮೆರಿಲ್ ಅನ್ನೋರು ಅಲ್ಯೂಮಿನಿಯಂ ಮ್ಯಾಂಡೊಲಿನ್, ಗಿಟಾರ್ ಮಾಡಿಸಿ ಮಾರಿದ್ರು. ಹಾಲ್ ಅವರ ಕಂಪನಿ 1888ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಶುರುವಾಗಿ 1907ರಲ್ಲಿ ಅಲ್ಯೂಮಿನಿಯಂ ಕಂಪನಿ ಆಫ್ ಅಮೆರಿಕ, ಅಂದ್ರೆ ಆಲ್ಕೋವಾ, ಆಯ್ತು. ನಾವು ಮಾತಾಡ್ತಿರೋ ಬೇಸ್‌ಗಳಲ್ಲಿ ಹೆಚ್ಚಿನವು ಇವರದ್ದೇ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ, 1930ರ ಆಸುಪಾಸು ಆಗಿದ್ದು. ಅದೇ ಬಫಲೋದಲ್ಲಿ ಆಫೀಸ್ ಕುರ್ಚಿಗಳನ್ನೂ ಅಲ್ಯೂಮಿನಿಯಂನಲ್ಲಿ ಮಾಡಿ ಮೇಲೆ ಮರದ ಎಳೆ ಬರೋ ಹಾಗೆ ಬಣ್ಣ ಹಾಕ್ತಿದ್ರು, ಅದು ಗೊತ್ತಾದ್ಮೇಲೆ ನನ್ನ ಬೇಸ್ ಮುಖದ ಮೇಲಿನ ಕಳ್ಳ ಮರ ಎಲ್ಲಿಂದ ಬಂತು ಅಂತ ಅರ್ಥ ಆಯ್ತು. ಇದೇ ಆಲ್ಕೋವಾ ಪಿಟೀಲುಗಳನ್ನೂ ಮಾಡಿತ್ತು, ಅವುಗಳ ಹಿಂದೆ ಇದ್ದೋರು ಜೋಸೆಫ್ ಮ್ಯಾಡಿ, 1928ರಲ್ಲಿ ಮಿಶಿಗನ್‌ನ ಇಂಟರ್‌ಲೋಕನ್‌ನಲ್ಲಿ ಮಕ್ಕಳ ಸಂಗೀತ ಶಿಬಿರ ಶುರು ಮಾಡಿದ ಮೇಷ್ಟ್ರು. ಮಕ್ಕಳ ಕೈಗೆ ವಾದ್ಯ ಕೊಟ್ಟು ಗೊತ್ತಿರೋರಿಗೆ ಒಡೆಯದ ಪಿಟೀಲು ಬೇಕು ಅನ್ಸೋದು ಸಹಜವೇ ಬಿಡಿ.

ಜರ್ಮನಿಯಿಂದ ಜಿ. ಎ. ಫ್ರೆಟ್ಶ್ನರ್ ಹೆಸರಲ್ಲಿ ಬಂದ ಅಲ್ಯೂಮಿನಿಯಂ ಬೇಸ್‌ಗಳೂ ಇವೆ. ಅದಕ್ಕೇ "ಅಲ್ಯೂಮಿನಿಯಂ ಅಂದ್ರೆ ಆಲ್ಕೋವಾ" ಅಂತ ಕಣ್ಣುಮುಚ್ಚಿ ನಂಬಬಾರದು.

ಗುರುತು ಹಿಡಿಯೋದು ಹೇಗೆ ಅಂತ ಕೇಳೋರಿಗೆ. ಮೊದಲು ಜೇಬಲ್ಲಿ ಒಂದು ಆಯಸ್ಕಾಂತ ಇಟ್ಕೊಂಡು ಹೋಗಿ, ಮೈಗೆ ಅಂಟಿದ್ರೆ ಅದು ಕಬ್ಬಿಣದ ತಗಡು, ಬಾಯ್ ಹೇಳಿ ಬಂದುಬಿಡಿ. ಆಮೇಲೆ ಕಂಪನಿ ಗುರುತು ಹುಡುಕಬೇಕು, ನನ್ನದರಲ್ಲಿ ಒತ್ತಿದ ಅಕ್ಷರ ಯಾವನೋ ಮೇಲೆ ಬಳಿದ ಬಣ್ಣದಲ್ಲಿ ಅರ್ಧ ಮುಚ್ಚಿತ್ತು, ನೇರ ಬೆಳಕಲ್ಲಿ ಏನೂ ಕಾಣ್ತಿರಲಿಲ್ಲ, ಟಾರ್ಚನ್ನ ಓರೆಯಾಗಿ ಹಿಡಿದಾಗ ನೆರಳು ಬಿದ್ದು ಓದೋಕೆ ಬಂತು. ಬಣ್ಣ ಒರಿಜಿನಲ್ಲಾ ಅಂತ ನೋಡೋಕೆ ಎದುರಿನ ಮುಖ ನೋಡಬೇಡಿ, ಫಿಂಗರ್‌ಬೋರ್ಡ್ (ತಂತಿ ಒತ್ತೋ ಪಟ್ಟಿ) ಚಾಚ್ಕೊಂಡಿರೋ ಕಡೆ ಅದರ ಅಡಿ, ಟೇಲ್‌ಪೀಸ್ (ಕೆಳಗೆ ತಂತಿ ಸಿಕ್ಕಿಸೋ ತುಂಡು) ಅಡಿ, ಬಿರಡೆ ಪೆಟ್ಟಿಗೆ ಒಳಗೆ, ಇಲ್ಲೆಲ್ಲಾ ಕೈ ಹೋಗಿರಲ್ಲ, ಬಿಸಿಲು ಬಿದ್ದಿರಲ್ಲ, ಮೊದಲ ಬಣ್ಣ ಅಲ್ಲಿ ಉಳ್ಕೊಂಡಿರುತ್ತೆ. ಇನ್ನು ಬೆಸುಗೆ. ಈಗಿನ ಟಿಗ್ ವೆಲ್ಡಿಂಗ್ (ಕರೆಂಟ್ ಕಿಡಿಯಲ್ಲಿ ಬೆಸೆಯೋದು) ಬಂದಿದ್ದೇ 1940ರ ದಶಕದಲ್ಲಿ, ಅದಕ್ಕೂ ಮುಂಚೆ ಗ್ಯಾಸ್ ಉರಿಯಲ್ಲಿ ಫ್ಲಕ್ಸ್ (ಬೆಸುಗೆ ಹಿಡಿಯಲಿ ಅಂತ ಬಳಿಯೋ ರಾಸಾಯನಿಕ) ಹಾಕಿ ಬೆಸೀತಿದ್ರು. ಹಾಗಾಗಿ ಅಂಚಲ್ಲಿ ನಾಣ್ಯ ಮಗುಚಿ ಸಾಲಾಗಿ ಜೋಡಿಸಿದ ಹಾಗೆ ನೀಟಾದ ಬೆಸುಗೆ ಕಂಡ್ರೆ ಅದು ಆಮೇಲೆ ಯಾರೋ ಮಾಡಿಸಿದ ರಿಪೇರಿ ಅಂತ ಅನುಮಾನ ಪಡಿ. ಹಳೇ ಫ್ಲಕ್ಸನ್ನ ಸರಿಯಾಗಿ ತೊಳೆದಿಲ್ಲ ಅಂದ್ರೆ ಅದು ಒಳಗೇ ಕೂತು ಲೋಹ ತಿನ್ನುತ್ತೆ, ಬೆಸುಗೆ ಪಕ್ಕ ಬಿಳಿ ಪುಡಿ, ಸಣ್ಣಸಣ್ಣ ಗುಳಿ. ಕಬ್ಬಿಣದ ಸ್ಕ್ರೂ ಕೂತಿರೋ ಕಡೆಯೂ ತೇವ ಸೇರಿದ್ರೆ ಇದೇ ಗತಿ, ಎರಡು ಬೇರೆ ಲೋಹ ಒಟ್ಟಿಗೆ ನೆನೆದ್ರೆ ಅಲ್ಯೂಮಿನಿಯಂ ಸೋಲುತ್ತೆ.

ಇಷ್ಟೆಲ್ಲಾ ನೋಡಿ ಹೆಸರು, ಕಾಲ ಗೊತ್ತಾಯ್ತು ಅಂತಲೇ ಇಟ್ಕೊಳ್ಳಿ. ಬೆಲೆ ಇನ್ನೂ ಗೊತ್ತಾಗಿರಲ್ಲ. ಇಲ್ಲೇ ನಾನು ಮೋಸ ಹೋಗಿದ್ದು.

ಮರದ ಬೇಸನ್ನ ಯಾಕೆ ಇಷ್ಟು ವರ್ಷ ಉಳಿಸ್ಕೊಳ್ಳೋಕೆ ಆಗುತ್ತೆ ಹೇಳಿ? ಬಿಚ್ಚೋಕೆ ಆಗುತ್ತೆ ಅಂತ. ಹಳೇ ಕಾಲದ ಗೋಂದಿಗೆ ಸ್ವಲ್ಪ ಬಿಸಿ, ಸ್ವಲ್ಪ ತೇವ, ತೆಳ್ಳನೆ ಚಾಕು ಅಷ್ಟೇ, ಮೇಲಿನ ಹಲಗೆ ಎದ್ದು ಬರುತ್ತೆ, ಒಳಗಿನ ಬೇಸ್ ಬಾರ್ (ಮೇಲಿನ ಹಲಗೆಗೆ ಆಸರೆ ಕೊಡೋ ಪಟ್ಟಿ) ಬದಲಿಸು, ಸೀಳು ಅಂಟಿಸು, ಕತ್ತು ಬಾಗಿದ್ರೆ ಕೋನ ಸರಿಮಾಡಿ ಕೂರಿಸು, ಮತ್ತೆ ಮುಚ್ಚು. ಇದನ್ನ ಬಿಚ್ಚೋಕೆ ಆಗಲ್ಲ ಸ್ವಾಮಿ. ಸುತ್ತ ಬೆಸೆದು ಮುಚ್ಚಿದ ಡಬ್ಬಿ. ಒಳಗೆ ಕೈ ಹಾಕೋಕೆ ಇರೋದು ಎರಡೇ ಎರಡು ಎಫ್ ಆಕಾರದ ಸೀಳು, ಅದರಲ್ಲಿ ನನ್ನ ಕೈ ಮಣಿಕಟ್ಟಿನವರೆಗೂ ಹೋಗಲ್ಲ. ನೆಗ್ಗು ಬಿದ್ರೆ ಒಳಗಿಂದ ಕೋಲು ಹಾಕಿ ಒತ್ತಬೇಕು, ಅದೂ ಕೋಲು ತಲುಪೋ ಜಾಗ ಆದ್ರೆ. ಕತ್ತಿನ ಕೋನ ಕೆಟ್ಟಿದ್ರಂತೂ ಲೂಥಿಯರ್ (ತಂತಿವಾದ್ಯ ಮಾಡೋ, ರಿಪೇರಿ ಮಾಡೋ ಕುಶಲಕರ್ಮಿ) ಕೆಲಸ ಅಲ್ಲ, ವೆಲ್ಡರ್ ಕೆಲಸ, ಬೇಸ್ ಮುಟ್ಟೋಕೆ ಧೈರ್ಯ ಇರೋ ವೆಲ್ಡರ್‌ನ ಹುಡುಕಿಕೊಡಿ ನೋಡೋಣ. ಹಾಗಾಗಿ ನಾನೀಗ ಯಾರಾದ್ರೂ ಫೋಟೋ ಕಳಿಸಿ ಎಷ್ಟು ಬಾಳುತ್ತೆ ಅಂದ್ರೆ ಯಾವ ಕಂಪನಿ ಅಂತ ಕೇಳಲ್ಲ, ಕತ್ತನ್ನ ಪಕ್ಕದಿಂದ ತೆಗೆದ ಫೋಟೋ ಕೇಳ್ತೀನಿ, ಫಿಂಗರ್‌ಬೋರ್ಡ್ ತುದಿಯಲ್ಲಿ ತಂತಿ ಎಷ್ಟು ಎತ್ತರ ಇದೆ ಅಂತ ಕೇಳ್ತೀನಿ. ಸ್ಟೀಲ್ ತಂತಿಗೆ ಅಲ್ಲಿ ಜಿ (ಎಲ್ಲಕ್ಕಿಂತ ತೆಳ್ಳನೆ ತಂತಿ) ಸುಮಾರು 6 ಮಿಲಿಮೀಟರ್, ಇ (ಎಲ್ಲಕ್ಕಿಂತ ದಪ್ಪನೆ ತಂತಿ) 9ರ ಹತ್ರ ಇದ್ರೆ ಆರಾಮಾಗಿ ನುಡಿಸಬಹುದು. ನನ್ನದಕ್ಕೆ ತಂತಿ ಹಾಕಿ ನೋಡಿದಾಗ ಇ 14 ಇತ್ತು. ಕುದುರೆಯನ್ನ (ತಂತಿಯನ್ನ ಎತ್ತಿ ಹಿಡಿಯೋ ತುಂಡು) ಕೊರೆದು ಕೊರೆದು ಇಳಿಸಿ ಈಗ 10ಕ್ಕೆ ತಂದಿದ್ದೀವಿ, ಇನ್ನು ಕೊರೆದ್ರೆ ಕುದುರೆಯೇ ಇರಲ್ಲ.

ಬೆಲೆ ಕಟ್ಟಿಸಿದ್ದರ ಬಗ್ಗೆ. ಮೊದಲು ಆನ್‌ಲೈನ್‌ನಲ್ಲಿ ಫೋಟೋ ನೋಡಿ ಅಪ್ರೈಸಲ್ ಕೊಡ್ತೀವಿ ಅನ್ನೋ ಒಂದು ಸರ್ವಿಸ್‌ಗೆ ದುಡ್ಡು ಕಟ್ಟಿದೆ, ಹೆಸರು ಬೇಡ. ಹನ್ನೆರಡು ಫೋಟೋ ಕಳಿಸಿದೆ, ಬಂದಿದ್ದು ಒಂದೂವರೆ ಪುಟದ ಪಿಡಿಎಫ್, ಅದರಲ್ಲಿ ಒಂದು ಪುಟ ಅವರ ಷರತ್ತುಗಳೇ. ಕತ್ತಿನ ಬಗ್ಗೆ ಒಂದಕ್ಷರ ಇಲ್ಲ, ತಂತಿ ಎತ್ತರ ಕೇಳಲೇ ಇಲ್ಲ, ಯಾವ ಬೆಲೆ ಅಂತಲೂ ಇಲ್ಲ. ಇದು ಮುಖ್ಯ, ಯಾಕಂದ್ರೆ ಇನ್ಶೂರೆನ್ಸ್‌ಗೆ ಹೇಳೋ ಬೆಲೆ ಬೇರೆ (ಕಳೆದುಹೋದ್ರೆ ಅಂಥದ್ದೇ ಇನ್ನೊಂದು ತರೋಕೆ ಎಷ್ಟಾಗುತ್ತೆ ಅನ್ನೋದು), ಆತುರ ಇಲ್ಲದ ಇಬ್ಬರ ನಡುವೆ ಕುದುರೋ ಮಾರ್ಕೆಟ್ ಬೆಲೆ ಬೇರೆ, ನಾಳೆನೇ ಮಾರಬೇಕು ಅಂದಾಗ ಅಂಗಡಿಯವರು ಕೈಗಿಡೋ ಬೆಲೆ ಇನ್ನೂ ಬೇರೆ. ಮೂರಕ್ಕೂ ಅಜಗಜಾಂತರ. ಅವರು ಬರೆದಿದ್ದ ಅಂಕಿ ನೋಡಿದ್ರೆ ಇಂಟರ್‌ನೆಟ್‌ನಲ್ಲಿ ಯಾರೋ ಬಾಯಿಗೆ ಬಂದ ಹಾಗೆ ಹಾಕಿರೋ ರೇಟನ್ನ ಎತ್ತಿಕೊಂಡ ಹಾಗಿತ್ತು. ಕೇಳಿದ ರೇಟು ಬೇರೆ, ಮಾರಿದ ರೇಟು ಬೇರೆ, ಇಂಥ ಅಪರೂಪದ ಸಾಮಾನಲ್ಲಂತೂ ಒಂದೇ ಬೇಸ್ ವರ್ಷಗಟ್ಟಲೆ ಅದೇ ರೇಟಿಗೆ ನೇತಾಡ್ತಿರುತ್ತೆ. ಸರ್ವಿಸ್‌ಗೆ ಒಂದು ಸ್ಟಾರ್, ಅದೂ ಪಿಡಿಎಫ್ ಟೈಮಿಗೆ ಬಂತು ಅಂತ.

ಆಮೇಲೆ ಡಬಲ್ ಬೇಸ್ ಮಾತ್ರ ನೋಡೋ ಒಬ್ಬ ಹಿರಿಯ ಲೂಥಿಯರ್ ಹತ್ರ ಹೊತ್ಕೊಂಡು ಹೋದೆ. ಅವರು ಮೊದಲು ಟ್ಯೂನ್ ಮಾಡಿ ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿದ್ರು, ಹಲ್ಲಿನ ಡಾಕ್ಟರ ಥರ ಉದ್ದ ಹಿಡಿಯ ಕನ್ನಡಿ, ಸಣ್ಣ ಲೈಟು ಹಾಕಿ ಒಳಗೆಲ್ಲಾ ನೋಡಿದ್ರು, ಬೇಸ್ ಬಾರ್ ಗಟ್ಟಿ ಇದೆಯಾ ಅಂತ ಮೈಯೆಲ್ಲಾ ಬೆರಳಲ್ಲಿ ತಟ್ಟುತ್ತಾ ಕಿವಿಗೊಟ್ಟು ಕೇಳಿದ್ರು, ಕತ್ತಿಗೆ ಉದ್ದನೆ ಸ್ಕೇಲ್ ಇಟ್ಟರು. "ನೋಡೋಕೆ ಬರೋರಿಗೆ ಚೆನ್ನಾಗಿದೆ, ನುಡಿಸೋಕೆ ಬರೋರಿಗೆ ಪರವಾಗಿಲ್ಲ" ಅಂದ್ರು. ಒರಿಜಿನಲ್ ಬಣ್ಣ ಮುಕ್ಕಾಲು ಪಾಲು ಉಳಿದಿರೋದು ಪ್ಲಸ್ಸು, ಕತ್ತು ಮೈನಸ್ಸು, ಕೆಳಗೆ ಎಂಡ್‌ಪಿನ್ (ನೆಲಕ್ಕೆ ಊರೋ ಕಡ್ಡಿ) ಹತ್ರದ ನೆಗ್ಗು ಲೆಕ್ಕಕ್ಕಿಲ್ಲ ಅಂತ. ಮಾರ್ಕೆಟ್ ಬೆಲೆ ನಾನು ಕೊಟ್ಟಿದ್ದಕ್ಕಿಂತ ತುಸುವೇ ಹೆಚ್ಚು ಬರೆದ್ರು, ಇನ್ಶೂರೆನ್ಸ್ ಬೆಲೆ ಬೇರೆ ಸಾಲಲ್ಲಿ. ಫೀಸ್ ಗಂಟೆ ಲೆಕ್ಕ, ಬೆಲೆಯ ಪರ್ಸೆಂಟ್ ಅಲ್ಲ. ಇನ್ನೊಂದು ವಿಷಯ, ಅಮೆರಿಕದಲ್ಲಿ ಇಂಥದ್ದನ್ನ ಶಾಲೆಗೋ ಮ್ಯೂಸಿಯಂಗೋ ದಾನ ಕೊಟ್ಟು ಟ್ಯಾಕ್ಸ್‌ನಲ್ಲಿ 5,000 ಡಾಲರ್‌ಗಿಂತ ಜಾಸ್ತಿ ಕಳೀಬೇಕು ಅಂದ್ರೆ ಅರ್ಹತೆ ಇರೋ ಅಪ್ರೈಸರ್ ವರದಿ ಬೇಕು, ಪರ್ಸೆಂಟ್ ಲೆಕ್ಕದಲ್ಲಿ ಫೀಸ್ ತಗೊಂಡು ಬರೆದಿದ್ದು ಅಲ್ಲಿ ನಡೆಯಲ್ಲ. ಅವರ ಕೆಲಸಕ್ಕೆ ಐದಕ್ಕೆ ಐದು.

ಬಣ್ಣ ತೆಗೆದು ಕನ್ನಡಿ ಥರ ಪಾಲಿಶ್ ಮಾಡಿಸು ಅಂತ ಬ್ಯಾಂಡ್‌ನ ಹುಡುಗರೆಲ್ಲಾ ದುಂಬಾಲು ಬಿದ್ದಿದ್ರು. ಸ್ಟೇಜ್ ಲೈಟಲ್ಲಿ ಅದು ಮಿಂಚೋದು ನಿಜ, ಆದ್ರೆ ಒಮ್ಮೆ ತೆಗೆದ ಬಣ್ಣ ವಾಪಸ್ ಬರಲ್ಲ, ಸಂಗ್ರಹ ಮಾಡೋರು ಕೇಳೋದೇ ಆ ಕಳ್ಳ ಮರವನ್ನ. ಜೊತೆಗೆ ಅಷ್ಟು ಹಳೇ ಬಣ್ಣದಲ್ಲಿ ಸೀಸ ಇರಬಹುದು, ಮನೆಯಲ್ಲಿ ಕೂತು ಸ್ಯಾಂಡ್‌ಪೇಪರ್ ಹಾಕಿ ಉಜ್ಜೋ ಸಾಹಸ ಯಾರೂ ಮಾಡಬೇಡಿ.

ಸರಿ, ಸೌಂಡ್ ಹೇಗಿದೆ? ಬೆರಳಲ್ಲಿ ಮೀಟಿದ್ರೆ ನಾನು ಅಂದ್ಕೊಂಡಿದ್ದಕ್ಕಿಂತ ತುಂಬಾ ಚೆನ್ನಾಗಿದೆ. ಡಬ್ಬ ಬಡಿದ ಹಾಗೆ ಇರುತ್ತೆ ಅಂತ ಹೆದರಿದ್ದೆ, ಹಾಗಿಲ್ಲ, ನಾದ ಮರದ್ದಕ್ಕಿಂತ ಉದ್ದಕ್ಕೆ ನಿಲ್ಲುತ್ತೆ, ಸ್ಲ್ಯಾಪ್ ಮಾಡಿದ್ರೆ (ತಂತಿ ಎಳೆದು ಫಿಂಗರ್‌ಬೋರ್ಡ್‌ಗೆ ಬಡಿದ್ರೆ) ರೂಮಿನ ಕೊನೆಯವರೆಗೂ ಟಪಟಪ ಅಂತ ಮುಟ್ಟುತ್ತೆ, ರಾಕಬಿಲಿ (ಹಳೇ ರಾಕ್ ಅಂಡ್ ರೋಲ್ ಶೈಲಿ) ನುಡಿಸೋರಿಗೆ ಹೇಳಿ ಮಾಡಿಸಿದ್ದು. ಕಮಾನು ಹಿಡಿದ್ರೆ ಮಾತ್ರ ಬೇರೆ ಕಥೆ, ಮೇಲಿನ ಸ್ವರಗಳಲ್ಲಿ ಒಂದು ಕೀರಲು, ಮೈಯಲ್ಲಿ ಅದನ್ನ ಹೀರಿಕೊಳ್ಳೋ ಮೆತ್ತನೆ ಏನೂ ಇಲ್ಲ. ಆರ್ಕೆಸ್ಟ್ರಾದಲ್ಲಿ ನುಡಿಸೋರು ತಗೊಳ್ಳಲೇಬೇಡಿ. ಕೊಳ್ಳೋ ಜನ ಕಮ್ಮಿ ಇರೋದಕ್ಕೆ ಇದೂ ಒಂದು ಕಾರಣ, ಒಳ್ಳೇ ಕಂಡೀಷನ್‌ನ ಹಳೇ "ಕೇ" ಕಂಪನಿ ಪ್ಲೈವುಡ್ ಬೇಸ್ ಆದ್ರೆ ಜಾಝ್‌ನವರು, ಬ್ಲೂಗ್ರಾಸ್‌ನವರು, ಶಾಲೆಯವರು ಎಲ್ಲಾ ಬರ್ತಾರೆ, ಇದಕ್ಕೆ ಸರಿಯಾದ ಗಿರಾಕಿ ಸಿಗೋವರೆಗೂ ಕಾಯಬೇಕು.

ಚಳಿಗಾಲ ಇನ್ನೊಂದು ಕಾಟ. ಒಂದು ಡಿಗ್ರಿ ಸೆಲ್ಸಿಯಸ್ ಏರಿದ್ರೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗುತ್ತೆ, ಸ್ಟೀಲ್ ತಂತಿ ಅದರ ಅರ್ಧದಷ್ಟು, ಅಂದ್ರೆ ಮೈಗೂ ತಂತಿಗೂ ಹೊಂದಾಣಿಕೆಯೇ ಇಲ್ಲ. ಕಾರಿಂದ ಇಳಿಸಿ ಬೆಚ್ಚಗಿರೋ ಹಾಲ್‌ಗೆ ತಂದ ತಕ್ಷಣ ಟ್ಯೂನ್ ಮಾಡಿದ್ರೆ ಎರಡನೇ ಹಾಡಿಗೆ ಶ್ರುತಿ ಎಲ್ಲೋ ಹೋಗಿರುತ್ತೆ, ಲೂಥಿಯರ್ ಯಾಕೆ ಅರ್ಧ ಗಂಟೆ ನಿಲ್ಲಿಸಿದ್ರು ಅಂತ ಆಗ ಹೊಳೀತು. ಜನವರಿಯಲ್ಲಿ ಕತ್ತಿಗೆ ಕೈ ಹಾಕಿದ್ರೆ ಮಂಜುಗಡ್ಡೆ ಹಿಡಿದ ಹಾಗೆ, ಹೆಬ್ಬೆರಳು ಮರಗಟ್ಟುತ್ತೆ. ತೂಕ ಕಮ್ಮಿ ಅಂತ ಅಂದ್ಕೊಂಡಿರೋರಿಗೆ, ಇಲ್ಲ, ಹೊತ್ತು ನೋಡಿ ಆಮೇಲೆ ಮಾತಾಡಿ.

ಮೀಟೋರಿಗೆ ನಾಲ್ಕು ಸ್ಟಾರ್, ಕಮಾನಿನವರಿಗೆ ಒಂದೂವರೆ. 2,200ಕ್ಕೆ ಮತ್ತೆ ಸಿಕ್ಕಿದ್ರೆ ತಗೋತೀನಾ ಅಂದ್ರೆ, ಕತ್ತು ನೋಡಿ, 1,800 ಅಂತ ಹಟ ಹಿಡೀತೀನಿ. ಅಂದಹಾಗೆ ಇ ತಂತಿಯಲ್ಲಿ ಜಿ ಸ್ವರ ಒತ್ತಿದಾಗ ಮಾತ್ರ ಒಳಗೆಲ್ಲೋ ಝರ್ ಅನ್ನುತ್ತೆ, ಕುದುರೆ ಅಲ್ಲ, ಟೇಲ್‌ಪೀಸ್ ವೈರ್ ಅಲ್ಲ, ಬಿರಡೆ ಅಲ್ಲ, ಎಲ್ಲಾ ನೋಡಾಯ್ತು. ಬಿಚ್ಚದೆ, ತೂತು ಕೊರೆಯದೆ ಇಂಥದ್ದನ್ನ ಯಾರಾದ್ರೂ ಪತ್ತೆ ಮಾಡಿದ್ರೆ ಹೇಗೆ ಅಂತ ಹೇಳಿ.